ಪಟ್ಟೆ ಮಾಸಿದ ಏಂಜೆಲ್ ಮೀನುಗಳು: ಕೋಲಾರದ ಒಂದು ಅಕ್ವೇರಿಯಂ ದುರಸ್ತಿ

ಭಾನುವಾರ, ಬೆಳಿಗ್ಗೆ

ಅಕ್ಕನ ಮನೆಯ ತೊಟ್ಟಿಯಲ್ಲಿ ನಾಲ್ಕು ಏಂಜೆಲ್ ಮೀನುಗಳಿವೆ. ನಾಲ್ಕೂ ಬೆಳ್ಳಿ ಮೈಯವು. ಅದರ ಮೇಲೆ ಮೇಲಿಂದ ಕೆಳಕ್ಕೆ ಇಳಿಯುವ ಕಪ್ಪು ಪಟ್ಟೆಗಳಿರಬೇಕು. ಇಂದು ಒಂದಕ್ಕೂ ಪಟ್ಟೆಯಿಲ್ಲ. ಮೈ ಸುಣ್ಣದ ತಿಳಿಯಂತೆ ಬಿಳಿಚಿಕೊಂಡಿದೆ. ಎರಡು ಮೀನುಗಳು ಹೀಟರಿನ ಹಿಂದೆ ಓರೆಯಾಗಿ ನಿಂತಿವೆ. ಬೆನ್ನಿನ ರೆಕ್ಕೆ ಅರಳದೆ ಮೈಗೆ ಅಂಟಿಕೊಂಡಿದೆ. ಉಳಿದೆರಡು ಮೇಲ್ಮೈಯಲ್ಲಿ, ಫಿಲ್ಟರಿನ ನೀರು ಬೀಳುವ ಜಾಗದಲ್ಲೇ ಬಾಯಿ ಆಡಿಸುತ್ತಿವೆ. ಕಿವಿರಿನ ಮುಚ್ಚಳ ಎಷ್ಟು ಬೇಗ ತೆರೆದು ಮುಚ್ಚುತ್ತಿತ್ತೆಂದರೆ ಎಣಿಸಲು ಕಷ್ಟವಾಯಿತು.

“ನೀರು ಕನ್ನಡಿಯ ಹಾಗಿದೆ. ನಿನ್ನೆ ಸಂಜೆಯಷ್ಟೇ ಅರ್ಧ ನೀರು ಬದಲಿಸಿದ್ದೇವೆ. ಮತ್ತೆ ಹೀಗೇಕಾಯಿತು ನೋಡು,” ಎಂದಳು ಅಕ್ಕ. ಅಳಿಯ ಆಗಲೇ ಅಂಗಡಿಯಿಂದ ನೀಲಿ ಔಷಧದ ಬಾಟಲಿ ತಂದು ಮೇಜಿನ ಮೇಲೆ ಇಟ್ಟಿದ್ದ. ಅದನ್ನು ಸದ್ಯಕ್ಕೆ ಮುಟ್ಟಬೇಡ ಎಂದೆ.

ಔಷಧಕ್ಕೆ ಮೊದಲು ದೀಪ. ಏಂಜೆಲ್ ಮೀನು ಕತ್ತಲಲ್ಲಿ ತಾನಾಗಿಯೇ ಬಣ್ಣ ಕಳೆದುಕೊಳ್ಳುತ್ತದೆ. ಬೆಳಗಿನ ಜಾವ ಎದ್ದು ನೋಡಿ ಗಾಬರಿಯಾದವರು ಎಷ್ಟೋ ಜನ. ಚರ್ಮದ ಬಣ್ಣದ ಕೋಶಗಳೊಳಗೆ ಕಪ್ಪು ಮೆಲನಿನ್ ಕಣಗಳಿರುತ್ತವೆ; ಅವು ಕೋಶದ ತುಂಬ ಹರಡಿಕೊಂಡಾಗ ಪಟ್ಟೆ ಕಾಣುತ್ತದೆ, ನಡುವೆ ಮುದುಡಿಕೊಂಡಾಗ ಮಾಯವಾಗುತ್ತದೆ. ನರಗಳೂ ಹಾರ್ಮೋನುಗಳೂ ಈ ಕಣಗಳನ್ನು ಆಡಿಸುವುದರಿಂದ ಆರೋಗ್ಯವಂತ ಮೀನಿಗೆ ದೀಪ ಹಾಕಿದ ಕೆಲವೇ ನಿಮಿಷಗಳಲ್ಲಿ ಪಟ್ಟೆ ಮರಳುತ್ತದೆ. ದೀಪ ಹಾಕಿ ಅಕ್ಕ ಕೊಟ್ಟ ಕಾಫಿ ಮುಗಿಯುವವರೆಗೆ ಕಾದೆ. ಪಟ್ಟೆ ಬರಲಿಲ್ಲ.

ಎರಡನೆಯದು, ಎಷ್ಟು ಮೀನುಗಳಿಗೆ ಹೀಗಾಗಿದೆ ಎಂಬುದು. ಒಂದೇ ಮೀನು ಬಿಳಿಚಿಕೊಂಡು ಮೂಲೆ ಸೇರಿದ್ದರೆ ಬೇರೆ ಮೀನು ಅದನ್ನು ಓಡಿಸುತ್ತಿದೆಯೇ, ಮೈಮೇಲೆ ಹುಣ್ಣಿದೆಯೇ ಎಂದು ನೋಡಬೇಕು. ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆ, ಹತ್ತಿಯಂಥ ಬೂಷ್ಟು, ಕೊಳೆತ ರೆಕ್ಕೆ ಕಂಡರೆ ಅದು ರೋಗ, ಅದಕ್ಕೆ ಔಷಧ ಬೇಕು. ಇಲ್ಲಿ ನಾಲ್ಕಕ್ಕೂ ಒಂದೇ ರಾತ್ರಿಯಲ್ಲಿ ಒಂದೇ ರೀತಿ ಆಗಿದೆ, ಮೈಮೇಲೆ ಗಾಯವಿಲ್ಲ. ಹಾಗಿದ್ದರೆ ದೋಷ ಮೀನಿನದಲ್ಲ, ನೀರಿನದು. ನೀಲಿ ಔಷಧ ಅಂದರೆ ಮೆಥಿಲೀನ್ ಬ್ಲೂ. ಅದನ್ನು ತೊಟ್ಟಿಗೇ ಸುರಿದರೆ ಫಿಲ್ಟರಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳುತ್ತದೆ. ಆಗ ನೀರು ಇನ್ನಷ್ಟು ಕೆಡುತ್ತದೆ.

ಭಾವನವರನ್ನು ಕೂರಿಸಿಕೊಂಡು ವಿಚಾರಿಸಿದೆ. ತೊಟ್ಟಿ ಇಟ್ಟಾಗಿನಿಂದ ಅವರು ಬೋರ್ ನೀರು ಹಾಕಿರಲೇ ಇಲ್ಲ. ಕೋಲಾರದ ಬೋರ್ ನೀರಿನ ಕಥೆ ಎಲ್ಲರಿಗೂ ಗೊತ್ತು: ಪಾತ್ರೆಯ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ, ಜಿಲ್ಲೆಯ ಹಲವು ಕಡೆ ಫ್ಲೋರೈಡ್ ಬೇರೆ. ಮನುಷ್ಯರು ಕುಡಿಯದ ನೀರನ್ನು ಮೀನಿಗೇಕೆ ಹಾಕುವುದು ಎಂದು ಬೀದಿಯ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನೇ ತುಂಬುತ್ತ ಬಂದಿದ್ದಾರೆ. ಈ ವಾರ ಘಟಕದ ಮೋಟಾರು ಸುಟ್ಟು ಕ್ಯಾನ್ ಸಿಗಲಿಲ್ಲ. ಹಾಗಾಗಿ ಶನಿವಾರ ಸಂಜೆ ಬೋರ್ ಪೈಪಿನಿಂದಲೇ ಅರ್ಧ ತೊಟ್ಟಿ ತುಂಬಿಸಿದರು. ರಾತ್ರಿ ಮಲಗುವವರೆಗೂ ಮೀನುಗಳು ಚೆನ್ನಾಗಿಯೇ ಇದ್ದವಂತೆ. ಬೆಳಗಾಗುವಷ್ಟರಲ್ಲಿ ಈ ಸ್ಥಿತಿ.

“ಬೋರ್ ನೀರೇ ಕೊಂದಿತು ಅನ್ನು,” ಎಂದರು ಭಾವ. ಅರ್ಧ ಸರಿ. ಉಳಿದರ್ಧ ತಿಳಿಯಲು ಹಳೆಯ ನೀರು ಬೇಕಿತ್ತು. ಪುಣ್ಯಕ್ಕೆ ಅದು ಇತ್ತು. ತೊಟ್ಟಿಯಿಂದ ತೆಗೆದ ನೀರನ್ನು ಅಕ್ಕ ಎಂದೂ ಚೆಲ್ಲುವುದಿಲ್ಲ, ಕರಿಬೇವಿನ ಗಿಡಕ್ಕೆಂದು ಹಿತ್ತಿಲಿನ ಬಕೆಟ್ಟಿನಲ್ಲಿ ಇಟ್ಟಿರುತ್ತಾಳೆ. ಎರಡು ಬಕೆಟ್ ಹಾಗೆಯೇ ಉಳಿದಿದ್ದವು.

ಪರೀಕ್ಷೆ

ಹಳೆಯ ನೀರು, ಈಗಿನ ತೊಟ್ಟಿಯ ನೀರು, ಬೋರ್ ನೀರು, ಮೂರನ್ನೂ ಗಾಜಿನ ನಳಿಕೆಗಳಲ್ಲಿ ಸಾಲಾಗಿ ನಿಲ್ಲಿಸಿದೆ. ಕೆಎಚ್ ಪರೀಕ್ಷೆ ಅಂದರೆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನ ಅಳತೆ. ಹನಿ ಹಾಕುತ್ತ ಹೋಗಬೇಕು. ಮೊದಲು ನೀಲಿ, ಆಮೇಲೆ ಒಮ್ಮೆಗೇ ಹಳದಿ. ಎಷ್ಟನೆಯ ಹನಿಗೆ ಹಳದಿಯಾಯಿತೋ ಅಷ್ಟು ಡಿಗ್ರಿ. ಒಂದು ಡಿಗ್ರಿ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ.

ಬೋರ್ ನೀರಿಗೆ 18 ಹನಿ ಬೇಕಾಯಿತು. ತೊಟ್ಟಿಯ ನೀರಿಗೆ 9. ಬಕೆಟ್ಟಿನ ಹಳೆಯ ನೀರು ಮೊದಲ ಹನಿಗೇ ಹಳದಿ, ನೀಲಿ ಕಾಣಲೇ ಇಲ್ಲ. ಕೆಎಚ್ ಸೊನ್ನೆಯೆಂದೇ ಲೆಕ್ಕ. ಪಿಎಚ್ ಅಂದರೆ ನೀರಿನ ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಹಳೆಯ ನೀರಿನದು ಬಣ್ಣದ ಪಟ್ಟಿಯ ಕೊನೆಯಾದ 6ಕ್ಕಿಂತ ಕೆಳಗೆ. ತೊಟ್ಟಿಯ ಪಿಎಚ್ 8. ಅಮೋನಿಯಾ ಹಳೆಯ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ, ತೊಟ್ಟಿಯಲ್ಲಿ 2.

ಈ ಅಂಕಿಗಳನ್ನು ಬರೆದುಕೊಂಡ ಮೇಲೆ ಇಡೀ ವಿಷಯ ಬಿಡಿಸಿಕೊಂಡಿತು. ಕ್ಯಾನ್ ನೀರಿನಲ್ಲಿ ಬೈಕಾರ್ಬೊನೇಟ್ ಇಲ್ಲವೆನ್ನುವಷ್ಟು ಕಡಿಮೆ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತದೆ. ಆ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಅದನ್ನು ತಣಿಸಲು, ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಬೈಕಾರ್ಬೊನೇಟ್ ಖರ್ಚು. ಖರ್ಚು ಮಾಡಲು ಏನೂ ಉಳಿಯದಿದ್ದಾಗ ಪಿಎಚ್ ಜಾರುತ್ತದೆ. ಅದು ಆರರ ಹತ್ತಿರ ಬಂದರೆ ಬ್ಯಾಕ್ಟೀರಿಯಾ ಕೆಲಸವನ್ನೇ ಬಹುಮಟ್ಟಿಗೆ ನಿಲ್ಲಿಸುತ್ತದೆ. ಅಮೋನಿಯಾ ಸೇರುತ್ತಲೇ ಹೋಗುತ್ತದೆ. ಆದರೆ ಹುಳಿ ನೀರಿನಲ್ಲಿ ಅದು ಅಮೋನಿಯಂ ಆಗಿ, ಹೆಚ್ಚು ಹಾನಿ ಮಾಡದ ರೂಪದಲ್ಲಿರುತ್ತದೆ. ಮೀನು ತಿಂದುಂಡು ಸುಖವಾಗಿಯೇ ಕಾಣುತ್ತದೆ.

ಅಲ್ಲಿಗೆ ಗಡುಸಾದ ಬೋರ್ ನೀರು ಬಿತ್ತು. 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 6 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಸಾವಿರಕ್ಕೆ ಒಂದು ಪಾಲೂ ಇಲ್ಲ. ಪಿಎಚ್ 7ರಲ್ಲಿ ಇನ್ನೂರಕ್ಕೆ ಒಂದು ಪಾಲಿನಷ್ಟು, 8ರಲ್ಲಿ ನೂರಕ್ಕೆ ಐದಕ್ಕೂ ಹೆಚ್ಚು. ಅರ್ಧ ನೀರು ತೆಗೆದದ್ದರಿಂದ ಅಮೋನಿಯಾ ಅರ್ಧಕ್ಕೆ ಇಳಿಯಿತು, ಆದರೆ ಅದರ ವಿಷದ ಪಾಲು ಕನಿಷ್ಠ ನಲವತ್ತು ಪಟ್ಟು ಏರಿತು. ಕಿವಿರು ಸುಡುವುದಕ್ಕೆ ಅಷ್ಟು ಸಾಕು.

ರಾತ್ರಿಯವರೆಗೆ ಮೀನು ಚೆನ್ನಾಗಿದ್ದುದಕ್ಕೂ ಕಾರಣವಿದೆ. ಆಳದಿಂದ ಬರುವ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗಿರುತ್ತದೆ. ಆಗ ತಾನೇ ಹಿಡಿದ ಬೋರ್ ನೀರಿನ ಪಿಎಚ್ 7.3 ಇತ್ತು. ಒಂದು ಜಗ್ಗಿನಲ್ಲಿ ಏರ್ ಸ್ಟೋನ್, ಅಂದರೆ ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಕಲ್ಲು, ಹಾಕಿ ಬಿಟ್ಟು ಸಂಜೆ ನೋಡಿದರೆ 8.4. ಆ ಅನಿಲ ಬಿಟ್ಟುಹೋದಂತೆ ತೊಟ್ಟಿಯ ಪಿಎಚ್ ಕೂಡ ರಾತ್ರಿಯಿಡೀ ಏರಿದೆ.

ತಳದ ಬಿಳಿ ಕಲ್ಲನ್ನೂ ಬಿಡಲಿಲ್ಲ. ಅಮೃತಶಿಲೆಯ ಚೂರಾಗಿದ್ದರೆ ಅದು ಕರಗಿ ಕೆಎಚ್ ಕಾಯುತ್ತಿತ್ತು. ಒಂದನ್ನು ಒರೆಸಿ ಮೇಲೆ ನಿಂಬೆರಸ ಹಿಂಡಿದೆ, ಗುಳ್ಳೆ ಬರಲಿಲ್ಲ. ಬರೀ ಬೆಣಚುಕಲ್ಲು. ನೀರಿಗೆ ಅದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ.

ಅದೇ ದಿನ, ಮಧ್ಯಾಹ್ನದಿಂದ ರಾತ್ರಿಯವರೆಗೆ

ತೊಟ್ಟಿ ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು ಕಳೆದರೆ ಸುಮಾರು 100 ಲೀಟರ್ ನೀರು. ಅಮೋನಿಯಾ ಇಳಿಸಬೇಕು ಆದರೆ ಪಿಎಚ್ ಏರಿಸಬಾರದು. ಹಾಗಾಗಿ ಮತ್ತೆ ಬೋರ್ ನೀರು ಹಾಕುವಂತಿಲ್ಲ. ಪಿಎಚ್ ಇಳಿಸುವ ದ್ರಾವಣವನ್ನೂ ನಾನು ಮುಟ್ಟುವುದಿಲ್ಲ. ಕೆಎಚ್ 9 ಇರುವ ನೀರಿಗೆ ಅದನ್ನು ಹಾಕಿದರೆ ಪಿಎಚ್ ಇಳಿದು ಮತ್ತೆ ಏರುತ್ತದೆ. ಆ ಏರಿಳಿತ ಬಿಳಿಚಿದ ಮೀನಿಗೆ ಇನ್ನೊಂದು ಹೊಡೆತ.

ಪಕ್ಕದ ಬೀದಿಯ ಘಟಕದಿಂದ ಎರಡು ಕ್ಯಾನ್ ತರಿಸಿದೆ. 30 ಲೀಟರ್ ತೊಟ್ಟಿಯ ನೀರು ಹೊರಗೆ, 30 ಲೀಟರ್ ಕ್ಯಾನ್ ನೀರು ಒಳಗೆ. ಸುರಿಯುವುದಲ್ಲ, ಗಾಳಿಯ ಕೊಳವೆಯಿಂದ ಸಣ್ಣ ಧಾರೆಯಾಗಿ, ಸ್ಟೂಲಿನ ಮೇಲಿನ ಕ್ಯಾನಿನಿಂದ ತೊಟ್ಟಿಗೆ. ಕೊಳವೆಗೆ ಒಂದು ಸಡಿಲ ಗಂಟು ಹಾಕಿದರೆ ಅದೇ ನಲ್ಲಿ. ಲವಣಾಂಶ ದಿಢೀರನೆ ಕುಸಿದರೆ ಮೀನಿನ ಮೈಯೊಳಗೆ ನೀರು ನುಗ್ಗುತ್ತದೆ, ಆದ್ದರಿಂದ ಅವಸರ ಕೂಡದು. ಕ್ಯಾನ್ ನೀರು ತಣ್ಣಗಿತ್ತು; ಒಂದು ಪಾತ್ರೆ ಬಿಸಿ ನೀರು ಬೆರೆಸಿ ಥರ್ಮಾಮೀಟರ್ ತೊಟ್ಟಿಯಷ್ಟೇ ತೋರಿಸುವಂತೆ ಮಾಡಿದೆ. ಸಂಜೆಯವರೆಗೂ ಇದೇ ನಡೆಯಿತು.

ಜೊತೆಗೆ ತೊಟ್ಟಿಯ ದೀಪ ಆರಿಸಿ, ಕಿಟಕಿಯ ಕಡೆಯ ಗಾಜಿಗೆ ಹಳೆಯ ಟವೆಲ್ ಇಳಿಬಿಟ್ಟೆ. ಆಹಾರ ಪೂರ್ತಿ ಬಂದ್. ಬೆಳೆದ ಏಂಜೆಲ್ ಮೀನು ಕೆಲವು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ, ಆದರೆ ಈಗ ಹಾಕುವ ಪ್ರತಿ ಚಿಟಿಕೆಯೂ ಅಮೋನಿಯಾ ಆಗುತ್ತದೆ. ಹೊಟ್ಟೆಗಿಲ್ಲದೆ ಸೊರಗುತ್ತವೆ ಎಂದು ಅಕ್ಕ ಮೂರು ಬಾರಿ ಹೇಳಿದಳು. ನಾನು ಆಹಾರದ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ.

ನೀರು ಬದಲಿಸಿದ್ದು ತಕ್ಷಣದ ಆಸರೆ ಅಷ್ಟೇ. ನಿಜವಾದ ದುರಸ್ತಿ ಬ್ಯಾಕ್ಟೀರಿಯಾದ್ದು. ಅಂತರಗಂಗೆ ಬೆಟ್ಟದ ಕಡೆಗಿರುವ ನಮ್ಮ ಮನೆಯ ತೊಟ್ಟಿಯಲ್ಲಿ ಎರಡು ಸ್ಪಂಜ್ ಫಿಲ್ಟರ್ ಬಹಳ ಕಾಲದಿಂದ ಓಡುತ್ತಿವೆ. ಅವುಗಳಲ್ಲಿ ಒಂದನ್ನು ಎತ್ತಿ, ಮುಚ್ಚಳದ ಡಬ್ಬಿಯಲ್ಲಿ ನಮ್ಮ ತೊಟ್ಟಿಯ ನೀರಿನಲ್ಲೇ ಅರ್ಧ ಮುಳುಗಿಸಿ ತಂದೆ. ಪೂರ್ತಿ ತುಂಬಿಸಿದರೆ ಗಾಳಿಗೆ ಜಾಗ ಇರುವುದಿಲ್ಲ, ಆಮ್ಲಜನಕವಿಲ್ಲದೆ ಆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಅಕ್ಕನ ತೊಟ್ಟಿಗೆ ಇಳಿಸಿದಾಗ ಕಂದು ಮಣ್ಣಿನಂಥದ್ದು ಸ್ವಲ್ಪ ಹೊಗೆಯಾಡಿತು. ಅಳಿಯ ಮುಖ ಸಿಂಡರಿಸಿದ. ಈ ಮನೆಗೆ ಈಗ ಬೇಕಾಗಿದ್ದದ್ದು ಅದೇ ಕೊಳೆ. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾಕ್ಕಿಂತ ಓಡುತ್ತಿರುವ ಸ್ಪಂಜಿನ ಮೇಲೆ ನನಗೆ ನಂಬಿಕೆ ಹೆಚ್ಚು. ಆರೋಗ್ಯವಾಗಿರುವ ತೊಟ್ಟಿಯಿಂದ ಮಾತ್ರ ತರಬೇಕು, ಇಲ್ಲದಿದ್ದರೆ ರೋಗವೂ ಜೊತೆಗೇ ಬರುತ್ತದೆ.

ರಾತ್ರಿ ಮಲಗುವ ಮುನ್ನ ಅಮೋನಿಯಾ ಒಂದೂವರೆಗೆ ಹತ್ತಿರ, ಪಿಎಚ್ 7.8. ಮೇಲ್ಮೈಯಲ್ಲಿದ್ದ ಎರಡು ಮೀನುಗಳು ನಡುನೀರಿಗೆ ಇಳಿದಿದ್ದವು. ಪಟ್ಟೆ ಇನ್ನೂ ಇಲ್ಲ.

ಸೋಮವಾರ

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಮೀನಿನ ಕಣ್ಣಿನ ಮೇಲೆ ಹಾದುಹೋಗುವ ಪಟ್ಟೆ ಬೂದು ಬಣ್ಣದಲ್ಲಿ ಕಂಡಿತು. ಮೊದಲು ಕಣ್ಣಿನ ಮೇಲುಭಾಗದಲ್ಲಿ ಒಂದು ಮಸುಕು ಗೆರೆ, ನೋಡುತ್ತಿದ್ದಂತೆ ಕೆನ್ನೆಯವರೆಗೆ ಇಳಿದು, ಯಾರೋ ಬಾಗಿಲು ತೆಗೆದ ಸದ್ದಿಗೆ ಮತ್ತೆ ಅಳಿಸಿಹೋಯಿತು. ಬಂದು ಹೋಗುತ್ತಿದೆ ಎಂದರೆ ಕೋಶಗಳು ಚೆನ್ನಾಗಿವೆ, ಮೀನು ಮಾತ್ರ ಇನ್ನೂ ಬೆದರಿದೆ. ಇನ್ನೊಂದು 25 ಲೀಟರ್ ಬದಲಿಸಿದೆವು. ಈ ಬಾರಿ ಬರೀ ಕ್ಯಾನ್ ನೀರಲ್ಲ, ಬೆರಕೆ ನೀರು.

ಬೆರಕೆ ನೀರಿನ ಡ್ರಮ್

ಈ ದುರಸ್ತಿಯಲ್ಲಿ ಶಾಶ್ವತವಾಗಿ ಉಳಿಯುವ ಭಾಗ ಇದು. ಏಂಜೆಲ್ ಮೀನು ಅಮೆಜಾನ್ ನದಿಯ ಮೃದು ನೀರಿನದು ಎಂಬುದು ನಿಜ. ಆದರೆ ಅಂಗಡಿಗಳಲ್ಲಿ ಸಿಗುವುದು ಅಲ್ಲಿ ಹಿಡಿದ ಮೀನಲ್ಲ, ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು. ಸ್ವಲ್ಪ ಗಡಸು ನೀರು ಅದಕ್ಕೆ ಹೊಸದಲ್ಲ. ಕೋಲಾರದ ನೀರು ವಿಷ, ಕ್ಯಾನ್ ನೀರು ಅಮೃತ ಎನ್ನುವ ಲೆಕ್ಕ ಅಕ್ವೇರಿಯಂಗೆ ಹೊಂದುವುದಿಲ್ಲ. ಬೋರ್ ನೀರಿನಲ್ಲಿ ಅತಿಯಾದದ್ದು ಕ್ಯಾನ್ ನೀರಿನಲ್ಲಿ ಇಲ್ಲವೇ ಇಲ್ಲ. ಎರಡನ್ನೂ ಬೆರೆಸಿದರೆ ಆಯಿತು.

ಮುಚ್ಚಳವಿರುವ 50 ಲೀಟರಿನ ನೀಲಿ ಡ್ರಮ್ ಮನೆಯಲ್ಲೇ ಇತ್ತು. ಅದಕ್ಕೆ 10 ಲೀಟರ್ ಬೋರ್ ನೀರು ಸುರಿದು, ನೀರು ನಿಂತ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದೆ. ಮೇಲೆ 30 ಲೀಟರ್ ಕ್ಯಾನ್ ನೀರು, ಅಲ್ಲೊಂದು ಗೆರೆ. ಇನ್ನು ಮುಂದೆ ಯಾರೂ ಅಳೆಯಬೇಕಾಗಿಲ್ಲ: ಕೆಳಗಿನ ಗೆರೆವರೆಗೆ ಬೋರ್, ಮೇಲಿನ ಗೆರೆವರೆಗೆ ಕ್ಯಾನ್. ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಒಟ್ಟು ಅಳತೆ, 900; ಕ್ಯಾನ್ ನೀರಿನದು 40. ಈ ಪಾಕಕ್ಕೆ 255 ಬರಬೇಕು, ಮೀಟರ್ 260 ತೋರಿಸಿತು. ಕೆಎಚ್ ಐದನೆಯ ಹನಿಗೆ ಹಳದಿ. ಡ್ರಮ್ಮಿನಲ್ಲಿ ಒಂದು ಏರ್ ಸ್ಟೋನ್ ರಾತ್ರಿಯಿಡೀ ಓಡಬೇಕು. ಅನಿಲ ಹೋಗಿ ಪಿಎಚ್ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತ ಮೇಲೆಯೇ ತೊಟ್ಟಿಗೆ. ಸೋಮವಾರದ 25 ಲೀಟರಿಗೆ ರಾತ್ರಿಯವರೆಗೆ ಕಾಯುವ ಸಮಯವಿರಲಿಲ್ಲ, ಹಾಗಾಗಿ ಪಂಪನ್ನು ಜೋರಾಗಿ ಬಿಟ್ಟು, ಮಗ್ಗಿನಲ್ಲಿ ಎತ್ತಿ ಎತ್ತಿ ಸುರಿದೆವು.

ಪಾಕದ ಪ್ರಮಾಣ ಈ ಮನೆಗೆ ಮಾತ್ರ. ಪಕ್ಕದ ಮನೆಯ ಬೋರ್‌ವೆಲ್ ಇದೇ ಆಳದ್ದಾದರೂ ನೀರು ಬೇರೆ ಇರಬಹುದು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬರತೊಡಗಿದ ಮೇಲೆ ಬತ್ತಿದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಕಂಡವರೂ ಇದ್ದಾರೆ. ಹಾಗಾಗಿ ವರ್ಷದ ಹಿಂದೆ ಬರೆದಿಟ್ಟ ಅಂಕಿಯನ್ನು ನಂಬದೆ ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ಕೆಎಚ್ ನೋಡುವುದು ಒಳ್ಳೆಯದು. ನಗರಸಭೆಯ ನಲ್ಲಿ ನೀರಾದರೆ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಇರುತ್ತದೆ, ಮೊದಲು ಆಂಟಿ ಕ್ಲೋರಿನ್ ಹನಿ ಹಾಕಬೇಕು. ಫಿಲ್ಟರಿನ ಸ್ಪಂಜನ್ನು ಆ ನಲ್ಲಿಯ ಕೆಳಗೆ ಹಿಂಡಿ ತೊಳೆಯಲೇಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ತೊಳೆಯಬೇಕು.

ಎರಡನೆಯ ಫಿಲ್ಟರ್

ನನ್ನ ಸ್ಪಂಜ್ ನನಗೆ ವಾಪಸು ಬೇಕು, ಅಕ್ಕನಿಗೂ ಒಂದು ಬೇಕು. ಅದಕ್ಕೇ ಒಂದು ಕಟ್ಟಿದೆ. ಅರ್ಧ ಇಂಚಿನ ಪಿವಿಸಿ ಪೈಪು ಒಂದಡಿ, ಕೆಳತುದಿಗೆ ಒಂದು ಮುಚ್ಚಳ. ಕೆಳಗಿನ ನಾಲ್ಕು ಇಂಚಿನಲ್ಲಿ ಸುತ್ತಲೂ ಕಾಯಿಸಿದ ಮೊಳೆಯಿಂದ ತೂತು. ಹೊಗೆ ಕೆಟ್ಟದ್ದು, ಹಿತ್ತಿಲಲ್ಲೇ ಮಾಡಬೇಕು. ತೂತಿರುವ ಭಾಗಕ್ಕೆ ಒರಟು ರಂಧ್ರದ ಉರುಳೆ ಸ್ಪಂಜ್ ತೊಡಿಸಿದೆ. ಸೋಪು ಹಾಕಿದ ಅಡುಗೆಮನೆಯ ಸ್ಪಂಜ್ ಬೇಡ, ಅಕ್ವೇರಿಯಂ ಅಂಗಡಿಯದ್ದೇ ಆಗಬೇಕು. ಮೇಲಿನಿಂದ ಗಾಳಿಯ ಕೊಳವೆ ಇಳಿಸಿ, ತುದಿಯ ಏರ್ ಸ್ಟೋನ್ ಸ್ಪಂಜಿನ ನಡುಮಟ್ಟಕ್ಕೆ ಬರುವಂತೆ ನಿಲ್ಲಿಸಿದರೆ ಗುಳ್ಳೆ ಮೇಲೇರುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅಂಟು ಹಾಕಲಿಲ್ಲ, ಒತ್ತಿ ಕೂರಿಸಿದರೆ ಬಿಗಿಯಾಗುತ್ತದೆ. ತೇಲದಿರಲಿ ಎಂದು ಮುಚ್ಚಳದೊಳಗೆ ನಾಲ್ಕು ಚೂರು ಗ್ರಾನೈಟ್ ಜಲ್ಲಿ. ಗ್ರಾನೈಟ್ ನೀರಿನ ಪಿಎಚ್ ಕೆಡಿಸುವುದಿಲ್ಲ, ಕೋಲಾರದಲ್ಲಿ ಅದಕ್ಕೆ ಬರವೂ ಇಲ್ಲ. ಇದು ನನ್ನ ಹಳೆಯ ಸ್ಪಂಜಿನ ಪಕ್ಕದಲ್ಲೇ ಒಂದು ತಿಂಗಳಾದರೂ ಓಡಬೇಕು. ಆಮೇಲೆ ನನ್ನದನ್ನು ಒಯ್ಯುತ್ತೇನೆ.

ಕರೆಂಟಿನ ವಿಷಯ. ಕರೆಂಟ್ ಹೋಗಿ ಗಂಟೆಗಟ್ಟಲೆ ಬರದಿದ್ದರೆ ನಿಂತ ಫಿಲ್ಟರಿನೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಏರ್ ಪಂಪಿಗೆ ಬೇಕಾದದ್ದು ನಾಲ್ಕೈದು ವ್ಯಾಟ್, ಅಷ್ಟಕ್ಕೆ ಯುಪಿಎಸ್‌ಗೆ ಏನೂ ಭಾರವಿಲ್ಲ. ಅದರ ಪ್ಲಗ್ಗನ್ನು ಯುಪಿಎಸ್ ಲೈನಿಗೆ ಬದಲಿಸಿದೆ. ಹೀಟರ್ 100 ವ್ಯಾಟಿನದು, ಅದು ಮಾಮೂಲಿ ಲೈನಿನಲ್ಲೇ ಇರಲಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಮೊಳೆಗೆ ನೇತುಹಾಕಿ, ಕೊಳವೆಗೆ ನಾನ್ ರಿಟರ್ನ್ ವಾಲ್ವ್ ಸಿಕ್ಕಿಸಿದೆ. ಇಲ್ಲದಿದ್ದರೆ ಪಂಪು ನಿಂತಾಗ ನೀರು ಹಿಂದಕ್ಕೆ ಹರಿದು ಪ್ಲಗ್ಗಿನವರೆಗೆ ಬರುತ್ತದೆ.

ಮುಂದಿನ ವಾರ

ಅಮೋನಿಯಾ ಕಾಲು ಮಿಲಿಗ್ರಾಮಿಗೆ ಇಳಿದ ಮೇಲೆ ನೈಟ್ರೈಟ್ ಕಾಣಿಸಿಕೊಂಡಿತು. ಇದು ನಿರೀಕ್ಷಿತ. ಮೊದಲ ಗುಂಪಿನ ಬ್ಯಾಕ್ಟೀರಿಯಾ ಬೇಗ ಚೇತರಿಸಿಕೊಳ್ಳುತ್ತದೆ, ನೈಟ್ರೈಟ್ ತಿನ್ನುವ ಗುಂಪು ತಡವಾಗಿ. ನೈಟ್ರೈಟ್ ರಕ್ತಕ್ಕೆ ಸೇರಿದರೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ಉಪ್ಪಿನ ಕ್ಲೋರೈಡ್ ಅದು ಕಿವಿರಿನಲ್ಲಿ ಒಳಹೋಗುವುದನ್ನು ತಡೆಯುತ್ತದೆ. ಲೀಟರಿಗೆ ಅರ್ಧ ಗ್ರಾಂ ಲೆಕ್ಕದಲ್ಲಿ 50 ಗ್ರಾಂ ಕಲ್ಲುಪ್ಪನ್ನು ಒಂದು ಜಗ್ಗಿನಲ್ಲಿ ಕರಗಿಸಿ, ದಿನದಲ್ಲಿ ಮೂರು ಪಾಲಾಗಿ ಹಾಕಿಸಿದೆ. ಉಪ್ಪು ಆವಿಯಾಗುವುದಿಲ್ಲ, ನೀರು ತೆಗೆದಷ್ಟು ಮಾತ್ರ ಕಡಿಮೆಯಾಗುತ್ತದೆ. ಆದ್ದರಿಂದ ಆರಿದ ನೀರಿಗೆ ಬದಲು ಹಾಕುವಾಗ ಮತ್ತೆ ಉಪ್ಪು ಸೇರಿಸಬಾರದು ಎಂದು ಅಳಿಯನಿಗೆ ಒತ್ತಿ ಹೇಳಿದೆ.

ಆಹಾರ ಮತ್ತೆ ಶುರು, ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ಮುಗಿಯುವಷ್ಟು. ಬಣ್ಣ ಹೆಚ್ಚಿಸುವ ಆಹಾರ ತರಲೇ ಎಂದು ಭಾವ ಕೇಳಿದರು. ಅದರಲ್ಲಿರುವ ಕೆರೋಟಿನಾಯ್ಡ್ ಕೆಂಪು, ಹಳದಿ ಬಣ್ಣಕ್ಕೆ ನೆರವಾಗುತ್ತದೆ. ಕಪ್ಪು ಪಟ್ಟೆಗೆ ಅದರಿಂದ ಪ್ರಯೋಜನವಿಲ್ಲ, ಬೇಡವೆಂದೆ. ಆ ಹಣಕ್ಕೆ ಕಪ್ಪು ಚಾರ್ಟ್ ಪೇಪರ್ ತರಿಸಿ ಹಿಂಬದಿಯ ಗಾಜಿಗೆ ಅಂಟಿಸಿದೆವು. ಬಿಳಿ ಕಲ್ಲು, ಹಿಂದೆ ಬಿಳಿ ಗೋಡೆ, ಪಕ್ಕದಲ್ಲಿ ಕಿಟಕಿ, ಇಷ್ಟು ಬೆಳಕಿನ ನಡುವೆ ಮೀನು ಅಡಗಲು ಜಾಗವಿಲ್ಲದೆ ತಾನೂ ತಿಳಿಯಾಗುತ್ತದೆ. ಮೂಲೆಯಲ್ಲಿ ಮನಿ ಪ್ಲಾಂಟಿನ ಎರಡು ಕಡ್ಡಿಗಳ ಬೇರು ನೀರಿಗೆ ಇಳಿಬಿಟ್ಟಿದ್ದೇನೆ, ನೈಟ್ರೇಟ್ ಸ್ವಲ್ಪ ಹೀರಿಕೊಳ್ಳುತ್ತದೆ. ಎಲೆ ಮಾತ್ರ ನೀರಿನ ಹೊರಗಿರಬೇಕು.

ಮೂರು ಮೀನುಗಳಿಗೆ ಪಟ್ಟೆ ಪೂರ್ತಿ ಮರಳಿದೆ. ನಾಲ್ಕನೆಯದು, ಎಲ್ಲಕ್ಕಿಂತ ಚಿಕ್ಕದು, ಮಧ್ಯಾಹ್ನ ಕಪ್ಪಾಗಿದ್ದು ಸಂಜೆಗೆ ಮಸುಕಾಗುತ್ತದೆ. ಎಡಗಡೆಯ ಕಿವಿರಿನ ಮುಚ್ಚಳ ಪೂರ್ತಿ ಮುಚ್ಚುತ್ತಿಲ್ಲ, ಅಂಚಿನಲ್ಲಿ ಕೆಂಪು ಕಾಣುತ್ತದೆ. ಸುಟ್ಟ ಕಿವಿರು ಮತ್ತೆ ಬೆಳೆಯಲು ಸಮಯ ಬೇಕು, ಅದಕ್ಕೂ ಔಷಧವಿಲ್ಲ, ಒಳ್ಳೆಯ ನೀರೇ ಬೇಕು. ಸದ್ಯಕ್ಕೆ ವಾರಕ್ಕೆ 20 ಲೀಟರ್ ಬೆರಕೆ ನೀರು, ಬದಲಿಸುವ ಹಿಂದಿನ ರಾತ್ರಿ ಡ್ರಮ್ಮಿಗೆ ಗಾಳಿ. ನೀರು ತೆಗೆಯುವ ಮೊದಲು ತೊಟ್ಟಿಯ ಕೆಎಚ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ಅಳಿಯನದು. ಮೂರಕ್ಕಿಂತ ಕೆಳಗೆ ಬಂದರೆ ಡ್ರಮ್ಮಿನ ಕೆಳಗಿನ ಗೆರೆಯನ್ನು ಎರಡು ಬೆರಳಷ್ಟು ಮೇಲೆ ಎಳೆಯಬೇಕು.